ಟೆನ್ಷನ್ ಅಂದುಕೊಂಡ ಎದೆ ಡವಡವ: ನನ್ನ ಅನುಭವ

ನಾನು ಫಿಸಿಶಿಯನ್. ಜಿಲ್ಲಾ ಕೇಂದ್ರವೊಂದರಲ್ಲಿ ಪ್ರಾಕ್ಟೀಸ್ ಮಾಡುತ್ತೇನೆ. "ಡಾಕ್ಟ್ರೇ, ಇದ್ದಕ್ಕಿದ್ದ ಹಾಗೆ ಎದೆ ಡವಡವ ಅಂತ ಹೊಡ್ಕೊಳ್ಳುತ್ತೆ" ಅಂತ ಕಾಲೇಜು ವಯಸ್ಸಿನ ಮಕ್ಕಳು ಬರುತ್ತಲೇ ಇರುತ್ತಾರೆ. ಹೆಚ್ಚಿನವರಿಗೆ ಕಾರಣ ಸಾಮಾನ್ಯದ್ದೇ. ರಕ್ತ ಕಡಿಮೆ ಇರುತ್ತದೆ, ಥೈರಾಯ್ಡ್ ಇರುತ್ತದೆ, ಪರೀಕ್ಷೆಗೆ ನಿದ್ದೆಗೆಟ್ಟಿರುತ್ತಾರೆ, ಕೆಲವರಿಗೆ ನಿಜವಾಗಿಯೂ ಆತಂಕದ ಕಾಯಿಲೆಯೇ ಇರುತ್ತದೆ. ಆದರೆ ತೀರಾ ಅಪರೂಪಕ್ಕೆ ಒಬ್ಬರಲ್ಲಿ ತೊಂದರೆಯ ಮೂಲ ಹೃದಯದಲ್ಲೂ ಇರಲ್ಲ, ಮನಸ್ಸಿನಲ್ಲೂ ಇರಲ್ಲ. ಕಿಡ್ನಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯಲ್ಲಿ ಒಂದು ಗಡ್ಡೆ ಇರುತ್ತದೆ. ಅದೇ ಫಿಯೋಕ್ರೋಮೋಸೈಟೋಮಾ.

ನಾನು ಮೊದಲು ಕೇಳುವುದು ಆ ಹೊತ್ತಿನ ಕಥೆ. ಎದೆಬಡಿತದ ಜೊತೆಗೆ ತಲೆ ಸಿಡಿಯುತ್ತಾ? ಬಟ್ಟೆ ಒದ್ದೆಯಾಗುವಷ್ಟು ಬೆವರು ಬರುತ್ತಾ? ಮುಖ ಕೆಂಪಾಗುತ್ತಾ, ಬಿಳಿಚಿಕೊಳ್ಳುತ್ತಾ? ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಬಿಳಿಚಿಕೊಳ್ಳುತ್ತದೆ. ಚಿಂತೆಯೇ ಇಲ್ಲದಾಗ, ಬಗ್ಗಿ ಬಕೆಟ್ ಎತ್ತಿದಾಗ ಬಂತು ಅಂದರೆ ನನ್ನ ಕಿವಿ ಚುರುಕಾಗುತ್ತದೆ. ಕಥೆ ಒಂದೇ ಸಾಲದು, ಪ್ಯಾನಿಕ್ ಅಟ್ಯಾಕ್‌ನಲ್ಲೂ ಬೆವರು, ನಡುಕ ಎರಡೂ ಇರುತ್ತವೆ. ಆ ಹೊತ್ತಿನ ಬಿಪಿ ಬೇಕು.

ಒಬ್ಬ ಹುಡುಗಿ ನೆನಪಾಗುತ್ತಾಳೆ. ಡಿಗ್ರಿ ಓದುತ್ತಿದ್ದಳು. ಮನೆಯವರು, ಊರಿನವರು ಎಲ್ಲರೂ ಟೆನ್ಷನ್ ಅಂತಲೇ ತೀರ್ಮಾನ ಮಾಡಿದ್ದರು. ಇಸಿಜಿ ಸರಿಯಿತ್ತು, ಕೂತಾಗ ಬಿಪಿಯೂ ಸರಿಯಿತ್ತು. ಹೊಟ್ಟೆ ನೋಡೋಣ ಅಂತ ಮಲಗಿಸಿ ಮಗ್ಗುಲಾಗಲು ಹೇಳಿದೆ. ಅಷ್ಟಕ್ಕೇ ಶುರುವಾಯಿತು. ತುಟಿ ಬಿಳಿಯಾಯಿತು, ಮೇಲ್ದುಟಿಯ ಮೇಲೆ ಬೆವರಿನ ಹನಿ ಸಾಲುಗಟ್ಟಿತು, ಬೆರಳು ತಣ್ಣಗಾದವು. ಪಟ್ಟಿ ಕಟ್ಟಿದರೆ ಬಿಪಿ 220/120. ನಾಡಿ 140 ದಾಟಿತ್ತು, ನಡುನಡುವೆ ಒಂದು ಬಡಿತ ತಪ್ಪುತ್ತಿತ್ತು. ಸ್ವಲ್ಪ ಹೊತ್ತಿಗೆ ಎಲ್ಲ ಇಳಿದು, "ಈಗ ಆರಾಮಿದೀನಿ ಸಾರ್" ಅಂದಳು. ಅವಳ ಅಮ್ಮ ಅಳುತ್ತಿದ್ದರು. ಮಗಳು ನಾಟಕ ಮಾಡುತ್ತಿಲ್ಲ ಅಂತ ಅವರಿಗೆ ಗೊತ್ತಿತ್ತು, ಹೇಳಿದರೆ ಕೇಳುವವರಿರಲಿಲ್ಲ ಅಷ್ಟೇ.

ಗಡ್ಡೆ ಅಡ್ರಿನಲಿನ್, ನಾರ್‌ಅಡ್ರಿನಲಿನ್ ಅನ್ನುವ ಹಾರ್ಮೋನುಗಳನ್ನು ಒಮ್ಮೆಲೇ ರಕ್ತಕ್ಕೆ ಸುರಿಯುತ್ತದೆ. ಹೃದಯ ಬಡಿತದ ವೇಗ ಏರುತ್ತದೆ, ಎಕ್ಟೋಪಿಕ್ ಬಡಿತ, ಅಂದರೆ ಲಯ ತಪ್ಪಿದ ಹೆಚ್ಚುವರಿ ಬಡಿತ ಬರುತ್ತವೆ, ಕೆಲವರಲ್ಲಿ ಅಪಾಯಕಾರಿ ಲಯಕ್ಕೂ ತಿರುಗುತ್ತದೆ. ಹೃದಯದ ಸ್ನಾಯುವೇ ಸೋಲುವುದೂ ಉಂಟು. ನಾರ್‌ಅಡ್ರಿನಲಿನ್ ಜಾಸ್ತಿ ಇದ್ದರೆ ಬಿಪಿ ಏರಿ ನಾಡಿ ನಿಧಾನವಾಗಲೂಬಹುದು. ಹಾಗಾಗಿ ನಾಡಿ ಓಡುತ್ತಿಲ್ಲ ಅಂತ ಈ ಕಾಯಿಲೆಯನ್ನು ತಳ್ಳಿಹಾಕುವ ಹಾಗಿಲ್ಲ.

ಇಲ್ಲೊಂದು ಮಾತು ಒತ್ತಿ ಹೇಳಬೇಕು. ಎದೆಬಡಿತ ಅಂದ ಕೂಡಲೇ ಸುಮ್ನೆ ಪ್ರೊಪ್ರನೊಲಾಲ್ ಅನ್ನುವ, ನಾಡಿ ಇಳಿಸುವ ಬೀಟಾ ಬ್ಲಾಕರ್ ಮಾತ್ರೆ ಬರೆಯುವ ರೂಢಿ ಇದೆ. ಈ ಗಡ್ಡೆ ಇರುವವರಿಗೆ ಅದೊಂದನ್ನೇ ಕೊಟ್ಟರೆ ರಕ್ತನಾಳ ಹಿಗ್ಗಿಸುವ ಬೀಟಾ ದಾರಿ ಮುಚ್ಚುತ್ತದೆ, ಬಿಗಿಯುವ ಆಲ್ಫಾ ದಾರಿ ತೆರೆದೇ ಇರುತ್ತದೆ. ಬಿಪಿ ಇನ್ನೂ ಮೇಲೆ ಹೋಗುತ್ತದೆ. ಅನುಮಾನ ಇದ್ದರೆ ಆ ಮಾತ್ರೆಯನ್ನು ನಾನು ಮುಟ್ಟುವುದೇ ಇಲ್ಲ.

ಸ್ಕ್ಯಾನ್‌ಗೂ ಮೊದಲು ನಾನು ಕಳಿಸುವುದು ರಕ್ತದ ಮೆಟಾನೆಫ್ರಿನ್, ಇಲ್ಲವೇ 24 ಗಂಟೆಯ ಮೂತ್ರದ ಮೆಟಾನೆಫ್ರಿನ್. ಈ ಹಾರ್ಮೋನುಗಳು ಒಡೆದು ಆಗುವ ವಸ್ತು ಅದು. ರಕ್ತ ತೆಗೆಯುವ ಮುಂಚೆ ಕನಿಷ್ಠ 20 ನಿಮಿಷ ಅಂಗಾತ ಮಲಗಿರಬೇಕು. ಓಡೋಡಿ ಬಂದು ಕೂತು ರಕ್ತ ಕೊಟ್ಟರೆ ಸುಳ್ಳು ಏರಿಕೆ ಬರುತ್ತದೆ. ಕೆಲವು ಖಿನ್ನತೆಯ ಮಾತ್ರೆಗಳೂ ಫಲಿತಾಂಶ ಕೆಡಿಸುತ್ತವೆ, ಅದನ್ನೂ ಕೇಳುತ್ತೇನೆ. ಅವಳದು ಮಿತಿಯ ಹಲವು ಪಟ್ಟು ಬಂತು. ಸಿಟಿ ಸ್ಕ್ಯಾನ್ ಮಾಡಿಸಿದೆವು, ಬಲ ಅಡ್ರಿನಲ್‌ನಲ್ಲಿ ಗಡ್ಡೆ.

ಗಡ್ಡೆ ಸಿಕ್ಕಿತು ಅಂತ ಮರುದಿನವೇ ಆಪರೇಷನ್ ಮಾಡುವ ಹಾಗಿಲ್ಲ. ಮೊದಲು ಆಲ್ಫಾ ಬ್ಲಾಕರ್, ಅಂದರೆ ರಕ್ತನಾಳ ಬಿಗಿಯುವ ಆ ಆಲ್ಫಾ ದಾರಿಯನ್ನು ಮುಚ್ಚುವ ಮಾತ್ರೆ. ಪ್ರಾಜೊಸಿನ್ ಅನ್ನು ಸಣ್ಣ ಡೋಸ್‌ನಿಂದ, ಮಲಗುವ ಹೊತ್ತಿಗೆ ಶುರು ಮಾಡಿದೆ. ಎದ್ದು ನಿಂತಾಗ ತಲೆ ಸುತ್ತುತ್ತದೆ, ಹುಷಾರು ಅಂತ ಹೇಳಿದ್ದೆ. ಜೊತೆಗೆ ನೀರು, ಉಪ್ಪು ಧಾರಾಳ. ಬಿಪಿ ಇರುವವಳಿಗೆ ಉಪ್ಪು ಹಾಕಿದ ಮಜ್ಜಿಗೆ, ಉಪ್ಪಿನಕಾಯಿ ಕೊಡಿ ಅಂದಾಗ ಅವಳ ಅಮ್ಮ ಎರಡು ಸಲ ಕೇಳಿ ಖಚಿತ ಮಾಡಿಕೊಂಡರು. ಬಿಗಿದು ಹೋಗಿದ್ದ ರಕ್ತನಾಳ ಸಡಿಲವಾದಾಗ ಒಳಗೆ ದ್ರವ ಬೇಕು, ಅದಕ್ಕೆ ಈ ಏರ್ಪಾಡು. ಆಲ್ಫಾ ಹಿಡಿತಕ್ಕೆ ಬಂದ ಮೇಲಷ್ಟೇ ನಾಡಿ ಇಳಿಸಲು ಬೀಟಾ ಬ್ಲಾಕರ್ ಸೇರಿಸಿದೆ. ಈ ತಯಾರಿಗೆ ಸಾಮಾನ್ಯವಾಗಿ 7ರಿಂದ 14 ದಿನ ಹಿಡಿಯುತ್ತದೆ.

ಆಪರೇಷನ್ ದಿನ ಥಿಯೇಟರ್‌ನಲ್ಲಿ ನಾನೂ ನಿಂತಿದ್ದೆ. ಸರ್ಜನ್ ಗಡ್ಡೆ ಮುಟ್ಟಿದಾಗಲೆಲ್ಲ ಮಾನಿಟರ್‌ನಲ್ಲಿ ಬಿಪಿ ಜಿಗಿಯುತ್ತಿತ್ತು. ಗ್ರಂಥಿಯಿಂದ ರಕ್ತ ಹೊರಗೊಯ್ಯುವ ಅಡ್ರಿನಲ್ ವೇನ್ ಕಟ್ಟಿದ ಮೇಲೆ ಸರ್ರನೆ ಕುಸಿಯಿತು. ಏರಿದಾಗ ಇಳಿಸುವ, ಇಳಿದಾಗ ಏರಿಸುವ ಎರಡೂ ಡ್ರಿಪ್ ಅರಿವಳಿಕೆ ತಜ್ಞರ ಕೈಯಲ್ಲಿ ಸಿದ್ಧವಿದ್ದವು. ಆಮೇಲೆ ಸಕ್ಕರೆ ಇಳಿಯಬಹುದು ಅಂತ ರಾತ್ರಿಯಿಡೀ ನೋಡಿಕೊಂಡೆವು.

ಕಾಯಿಲೆ ಚಿಕ್ಕ ವಯಸ್ಸಿನಲ್ಲೇ ಬಂದರೆ ಮನೆತನ ವಿಚಾರಿಸಲೇಬೇಕು. 1886ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ವೈದ್ಯ ಫೆಲಿಕ್ಸ್ ಫ್ರೆಂಕೆಲ್ ವರದಿ ಮಾಡಿದ ರೋಗಿ ಮಿನ್ನಾ ರೋಲ್‌ಗೆ 18 ವರ್ಷ. ಎದೆಬಡಿತ, ತಲೆನೋವು ಇದ್ದ ಆಕೆ ತೀರಿಕೊಂಡಾಗ ಎರಡೂ ಅಡ್ರಿನಲ್‌ಗಳಲ್ಲಿ ಗಡ್ಡೆ ಸಿಕ್ಕವು. ಅದೇ ಕುಟುಂಬದವರಲ್ಲಿ ಆರ್‌ಇಟಿ ಜೀನ್ ದೋಷ ಇರುವುದು 2007ರಲ್ಲಿ ಪ್ರಕಟವಾಯಿತು. ನನ್ನ ರೋಗಿಯಲ್ಲೂ ಆರ್‌ಇಟಿ ದೋಷವೇ ಸಿಕ್ಕಿತು. ಈ ಜೀನ್ ದೋಷ ಇದ್ದವರಲ್ಲಿ ಹೆಚ್ಚಿನವರಿಗೆ ಒಂದು ಬಗೆಯ ಥೈರಾಯ್ಡ್ ಕ್ಯಾನ್ಸರ್ ಬರುತ್ತದೆ. ಆ ಕ್ಯಾನ್ಸರಿನ ಸುಳಿವು ಕೊಡುವ ಕ್ಯಾಲ್ಸಿಟೋನಿನ್ ಹಾರ್ಮೋನನ್ನು ರಕ್ತದಲ್ಲಿ ನೋಡಿದೆವು, ಜಾಸ್ತಿ ಇತ್ತು. ಅಡ್ರಿನಲ್ ಮೊದಲು, ಥೈರಾಯ್ಡ್ ಆಮೇಲೆ, ಈ ಕ್ರಮ ತಪ್ಪಬಾರದು. ಹಾಗೇ ಥೈರಾಯ್ಡ್ ಆಪರೇಷನ್ ಕೂಡ ಮುಗಿಯಿತು. ತಂದೆಯಲ್ಲೂ ಅದೇ ಜೀನ್ ದೋಷ ಇತ್ತು, ತಮ್ಮನಲ್ಲಿ ಇರಲಿಲ್ಲ. ಎಡಗಡೆಯ ಅಡ್ರಿನಲ್‌ನಲ್ಲೂ ಮುಂದೆ ಗಡ್ಡೆ ಬರಬಹುದು, ಅದಕ್ಕೆ ವರ್ಷಕ್ಕೊಮ್ಮೆ ಅವಳು ಮೆಟಾನೆಫ್ರಿನ್ ಮಾಡಿಸುತ್ತಾಳೆ. ತಂದೆಯೂ ಜೊತೆಗೇ ಬಂದು ಮಾಡಿಸಿಕೊಂಡು ಹೋಗುತ್ತಾರೆ.