ಕರಾವಳಿಯ ಗದ್ದೆಯಲ್ಲಿ ಸಿಹಿ ಜೋಳ: ತೆನೆ ತುಂಬ ಕಾಳು ಕಟ್ಟಲು ಹೀಗೆ ಮಾಡಿ

ಮಲ್ಪೆ, ಪಣಂಬೂರು ಬೀಚಿನಲ್ಲಿ ಕೆಂಡದ ಮೇಲೆ ಸುಟ್ಟ ಜೋಳ ತಿಂದವರಿಗೆ ಮನೆಯಲ್ಲೂ ನಾಲ್ಕು ಗಿಡ ಹಾಕೋಣ ಅನಿಸುವುದು ಸಹಜ. ಹಾಕುತ್ತಾರೆ ಕೂಡ. ಕಂಪೌಂಡ್ ಗೋಡೆಗೆ ತಾಗಿಸಿ ಉದ್ದಕ್ಕೆ ಒಂದು ಸಾಲು. ಗಿಡ ಆಳೆತ್ತರ ಬೆಳೆಯುತ್ತದೆ, ತೆನೆಯೂ ಬರುತ್ತದೆ. ಸುಲಿದು ನೋಡಿದರೆ ಹಲ್ಲು ಬಿದ್ದ ಬಾಯಿಯ ಹಾಗೆ ಅಲ್ಲೊಂದು ಇಲ್ಲೊಂದು ಕಾಳು. "ನಮ್ಮ ಮಣ್ಣಿಗೆ ಜೋಳ ಆಗುವುದಿಲ್ಲ ಮಾರಾಯ್ರೆ" ಎಂದು ಅಲ್ಲಿಗೇ ಬಿಟ್ಟುಬಿಡುತ್ತಾರೆ.

ಈ ಮಾತು ತುಂಬಾ ಸಲ ಕೇಳಿದ್ದೇನೆ. ಅದು ಸರಿಯಲ್ಲ. ನಮ್ಮಲ್ಲಿ ಜೋಳ ಚೆನ್ನಾಗಿಯೇ ಆಗುತ್ತದೆ. ಕೆಡುವುದು ಹೆಚ್ಚಾಗಿ ಎರಡು ಕಡೆ. ಒಂದು, ಬಿತ್ತುವ ತಿಂಗಳು ತಪ್ಪುತ್ತದೆ. ಇನ್ನೊಂದು, ಹೂ ಬಂದ ವಾರ ಯಾರೂ ಗಿಡದ ಹತ್ತಿರ ಹೋಗುವುದಿಲ್ಲ.

ಯಾವಾಗ, ಎಲ್ಲಿ

ದಾವಣಗೆರೆ, ಹಾವೇರಿ ಕಡೆ ಮುಂಗಾರು ಮಳೆ ಬಿದ್ದ ಕೂಡಲೇ ಮುಸುಕಿನ ಜೋಳ ಬಿತ್ತುತ್ತಾರೆ. ಘಟ್ಟದ ಮೇಲಿನ ಆ ಲೆಕ್ಕ ನಮಗೆ ಬೇಡ. ದಕ್ಷಿಣ ಕನ್ನಡ, ಉಡುಪಿ, ನಮ್ಮ ಈ ಎರಡೂ ಜಿಲ್ಲೆಗಳಲ್ಲಿ ವರ್ಷಕ್ಕೆ 3,500 ಮಿ.ಮೀಗಿಂತ ಹೆಚ್ಚು ಮಳೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಬುಡದಲ್ಲಿ ಎರಡು ದಿನ ನೀರು ನಿಂತರೆ ಎಳೆ ಜೋಳದ ಬೇರು ಉಸಿರುಕಟ್ಟುತ್ತದೆ, ಎಲೆ ಹಳದಿಯಾಗುತ್ತದೆ. ಹಾಕಿದ ಗೊಬ್ಬರವೆಲ್ಲ ತೊಳೆದು ತೋಡಿಗೆ ಹೋಗುತ್ತದೆ.

ಏಣೆಲು, ಅಂದರೆ ಮಳೆಗಾಲದ ಭತ್ತ ಕೊಯ್ದ ಮೇಲೆ, ನವೆಂಬರ್ ಮಧ್ಯದಿಂದ ಡಿಸೆಂಬರ್ ಮುಗಿಯುವುದರೊಳಗೆ ಬಿತ್ತಿ. ಆಗ ಜನವರಿ, ಫೆಬ್ರವರಿಯಲ್ಲಿ ಹೂ ಬರುತ್ತದೆ. ಬೆಳಗ್ಗೆ ತಂಪು, ಹಗಲು ಒಳ್ಳೆ ಬಿಸಿಲು. ಜೋಳಕ್ಕೆ ಬೇಕಾದದ್ದೂ ಅದೇ. ತಡಮಾಡಿದರೆ ಹೂವಿಗೆ ಸೆಕೆಗಾಲದ ಬಿಸಿ ತಾಗುತ್ತದೆ. ಹೊಳೆಬಾಗಿಲಿನ ಹತ್ತಿರದ ಊರುಗಳಲ್ಲಿ ಬೇಸಿಗೆ ಏರಿದ ಹಾಗೆ ಬಾವಿ ನೀರಿಗೆ ಉಪ್ಪು ಬರುತ್ತದೆ. ಉಪ್ಪು ನೀರು ಜೋಳಕ್ಕೆ ಆಗುವುದಿಲ್ಲ.

ನಡು ಎತ್ತರದ ಮಜಲು ಗದ್ದೆ ಎಲ್ಲಕ್ಕಿಂತ ಒಳ್ಳೆಯದು. ನೀರಿನ ವ್ಯವಸ್ಥೆ ಇದ್ದರೆ ಎತ್ತರದ ಬೆಟ್ಟು ಗದ್ದೆಯೂ ಆದೀತು. ತಗ್ಗಿನ ಬೈಲು ಗದ್ದೆ ತುಂಬಾ ದಿನ ಹಸಿಯಾಗಿಯೇ ಇರುತ್ತದೆ, ಅದನ್ನು ಎರಡನೇ ಬೆಳೆಯಾದ ಸುಗ್ಗಿ ಭತ್ತಕ್ಕೇ ಬಿಡಿ. ತೆಂಗಿನ, ಅಡಿಕೆಯ ನೆರಳಿನಲ್ಲಿ ಜೋಳ ಹಾಕಲೇಬೇಡಿ. ಗಿಡ ಎತ್ತರ ಹೋಗುತ್ತದೆ, ತೆನೆ ಮಾತ್ರ ಬಡಕಲು.

ಮಣ್ಣು

ನಮ್ಮ ಮುರಮಣ್ಣು ಹುಳಿ. ಮಳೆ ಸುಣ್ಣದ ಅಂಶವನ್ನೂ ಪೊಟ್ಯಾಶನ್ನೂ ತೊಳೆದು ಒಯ್ದಿರುತ್ತದೆ. ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ಇಲ್ಲವೇ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರವನ್ನು ವಿಚಾರಿಸಿ, ಮಣ್ಣು ಪರೀಕ್ಷೆ ಮಾಡಿಸಿಕೊಳ್ಳಿ. ಸಾಧಾರಣವಾಗಿ ಸೆಂಟ್ಸಿಗೆ 2 ಕೆಜಿ ಕೃಷಿ ಸುಣ್ಣ ಸಾಕಾಗುತ್ತದೆ. ಚಿಪ್ಪು ಸುಣ್ಣ ಸಿಕ್ಕಿದರೆ ಅದೂ ಆದೀತು, ಆದರೆ ಅದು ಖಾರ ಜಾಸ್ತಿ, ಅರ್ಧದಷ್ಟು ಸಾಕು. ಬಿತ್ತುವ 15 ದಿನ ಮೊದಲೇ ಹಾಕಿ ಮಣ್ಣಿಗೆ ಬೆರೆಸಿ. ಸುಣ್ಣ ಮತ್ತು ಗೊಬ್ಬರ ಒಂದೇ ದಿನ ಹಾಕುವವರಿದ್ದಾರೆ. ಹಾಗೆ ಮಾಡಿದರೆ ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ, ದುಡ್ಡೂ ಅದರ ಜೊತೆಗೆ.

ಆಮೇಲೆ ಸೆಂಟ್ಸಿಗೆ 40 ಕೆಜಿ ಹುಡಿಯಾದ ಹಟ್ಟಿಗೊಬ್ಬರ. ಸುಡುಮಣ್ಣು ಇದ್ದರೆ ಸಾಲಿಗೆ ಒಂದೊಂದು ಹಿಡಿ ಹಾಕಿ. ಜೋಳ ಗೊಬ್ಬರ ಜಾಸ್ತಿ ಕೇಳುವ ಬೆಳೆ. ನೀರಾವರಿಯ ಮುಸುಕಿನ ಜೋಳಕ್ಕೆ ನಮ್ಮ ರಾಜ್ಯದಲ್ಲಿ ಹೇಳುವ ಪ್ರಮಾಣ ಹೆಕ್ಟೇರಿಗೆ ಸಾರಜನಕ 150, ರಂಜಕ 75, ಪೊಟ್ಯಾಶ್ 40 ಕೆಜಿ. ನಮ್ಮ ಲೆಕ್ಕಕ್ಕೆ ತಂದರೆ ಒಂದು ಸೆಂಟ್ಸಿಗೆ ಸುಮಾರು 1.3 ಕೆಜಿ ಯೂರಿಯಾ, 1.9 ಕೆಜಿ ಸೂಪರ್ ಫಾಸ್ಫೇಟ್, 270 ಗ್ರಾಂ ಪೊಟ್ಯಾಶ್. ಸೂಪರ್ ಮತ್ತು ಪೊಟ್ಯಾಶ್ ಬಿತ್ತುವಾಗಲೇ ಹಾಕಿ. ಯೂರಿಯಾವನ್ನು ಮೂರು ಪಾಲು ಮಾಡಿ: ಬಿತ್ತುವಾಗ ಒಂದು, ಗಿಡ ಮೊಣಕಾಲೆತ್ತರ ಬಂದಾಗ ಒಂದು, ಗಂಡು ಹೂ ಹೊರಗೆ ಕಾಣುವ ಸ್ವಲ್ಪ ಮೊದಲು ಒಂದು. ಹೊಯ್ಗೆ (ಮರಳು) ಮಣ್ಣಾದರೆ ನಾಲ್ಕು ಪಾಲು ಮಾಡಿ, ಅಲ್ಲಿ ಗೊಬ್ಬರ ನಿಲ್ಲುವುದಿಲ್ಲ.

"ತೆನೆ ಡಬಲ್ ಆಗುತ್ತದೆ" ಎಂದು ಬಾಟಲಿಯಲ್ಲಿ ಮಾರುವ ಟಾನಿಕ್ ಬೇಡ. ಒಳಗೆ ಏನಿದೆ ಎಂದು ಲೇಬಲ್ಲಿನಲ್ಲಿ ಬರೆಯದ ಯಾವುದನ್ನೂ ಗಿಡಕ್ಕೆ ಹೊಡೆಯಬೇಡಿ. ಅದೇ ದುಡ್ಡಿಗೆ ಇನ್ನೆರಡು ಬುಟ್ಟಿ ಹಟ್ಟಿಗೊಬ್ಬರ ತನ್ನಿ.

ಬೀಜ ಮತ್ತು ಬಿತ್ತನೆ

ಅಂಗಡಿಯಿಂದ ತಂದ ತೆನೆಯ ಕಾಳು ಒಣಗಿಸಿ ಬಿತ್ತಬೇಡಿ. ಅದನ್ನು ಬಲಿಯುವ ಮೊದಲೇ ಕೊಯ್ದಿರುತ್ತಾರೆ, ಮೊಳಕೆ ಬರುವುದೇ ಕಷ್ಟ. ಬಂದರೂ ಹೈಬ್ರಿಡ್ ಬೀಜದ ಮಕ್ಕಳು ತಾಯಿಯ ಹಾಗೆ ಇರುವುದಿಲ್ಲ. ಹೊಸ ಪ್ಯಾಕೆಟ್ಟೇ ತನ್ನಿ, ತಾರೀಕು ನೋಡಿ ತನ್ನಿ. ಸಿಹಿ ಜೋಳದ ಬೀಜ ಸುಕ್ಕುಗಟ್ಟಿರುತ್ತದೆ, ಒಳಗೆ ಹಿಟ್ಟು ಕಡಿಮೆ. ನಮ್ಮ ಊರಿನ ತೇವದ ಗಾಳಿಗೆ ಒಡೆದ ಪ್ಯಾಕೆಟ್ ಬೇಗ ಹಾಳಾಗುತ್ತದೆ. ಸಂಶಯವಿದ್ದರೆ 10 ಕಾಳು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. 7ಕ್ಕಿಂತ ಕಡಿಮೆ ಮೊಳೆತರೆ ಬೇರೆ ತನ್ನಿ. ಗುಲಾಬಿ ಬಣ್ಣದ ಬೀಜಕ್ಕೆ ಔಷಧಿ ಹಚ್ಚಿರುತ್ತದೆ. ಅದನ್ನು ನೆನೆಹಾಕಬೇಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ.

ಸಾಲಿನಿಂದ ಸಾಲಿಗೆ 60 ಸೆಂ.ಮೀ, ಗಿಡದಿಂದ ಗಿಡಕ್ಕೆ 20-25 ಸೆಂ.ಮೀ, ಆಳ ಒಂದು ಇಂಚು. ಗುಂಡಿಗೆ ಎರಡು ಕಾಳು, ಬಂದ ಮೇಲೆ ಬಲವಾದ ಒಂದನ್ನು ಉಳಿಸಿ.

ಎಷ್ಟೇ ಗಿಡ ಹಾಕಿ, ಚೌಕವಾಗಿ ಹಾಕಿ. ಇದೊಂದನ್ನು ದಯವಿಟ್ಟು ಕೇಳಿ. 40 ಗಿಡ ಹಾಕುವುದಾದರೆ ಉದ್ದಕ್ಕೆ ಒಂದೇ ಸಾಲು ಬೇಡ, 8 ಗಿಡಗಳ 5 ಸಾಲು ಮಾಡಿ. ನಾಲ್ಕು ಸಾಲಿಗಿಂತ ಕಡಿಮೆ ಯಾವತ್ತೂ ಬೇಡ. ತಾರಸಿಯಲ್ಲಿ ಗ್ರೋಬ್ಯಾಗ್ ಇಡುವವರೂ ಒತ್ತೊತ್ತಾಗಿ ಗುಂಪು ಮಾಡಿ ಇಡಿ. ಕಾರಣ ಮುಂದೆ ಹೂವಿನ ಮಾತಿನಲ್ಲಿ ಬರುತ್ತದೆ.

ಬಿತ್ತಿದ ಮೊದಲ ವಾರ ನವಿಲು ಕಾಯಬೇಕು. ಮೊಳಕೆ ಕಿತ್ತು ಬುಡದ ಕಾಳು ತಿನ್ನುತ್ತದೆ. ಸಾಲಿನ ಮೇಲೆ ತೆಂಗಿನ ಮಡಲು ಅಡ್ಡ ಹಾಕಿ, ಗಿಡ ನಾಲ್ಕು ಎಲೆ ಬಿಟ್ಟ ಮೇಲೆ ತೆಗೆಯಿರಿ.

ಸುಳಿಯಲ್ಲಿ ಹುಳು

2018ರ ಮೇ ತಿಂಗಳಲ್ಲಿ ಫಾಲ್ ಸೈನಿಕ ಹುಳು ಶಿವಮೊಗ್ಗದ ಜೋಳದ ಹೊಲದಲ್ಲಿ ಕಾಣಿಸಿತು. ಭಾರತದಲ್ಲಿ ಅದೇ ಮೊದಲು. ಇದರ ಚಿಟ್ಟೆ ಒಂದೇ ರಾತ್ರಿ 100 ಕಿ.ಮೀ ಹಾರಬಲ್ಲದು. ಘಟ್ಟ ಇಳಿದು ನಮ್ಮಲ್ಲಿಗೆ ಬರುವುದು ಅದಕ್ಕೆ ಕಷ್ಟವಲ್ಲ.

ಮೊಳೆತ ಹತ್ತು ದಿನದಿಂದಲೇ ದಿನಬಿಟ್ಟು ದಿನ ಸುಳಿ ಬಿಡಿಸಿ ನೋಡಿ. ಎಲೆಯಲ್ಲಿ ಕಾಗದದಂಥ ಬಿಳಿ ಕಲೆ, ಸಾಲಾಗಿ ತೂತು, ಸುಳಿಯೊಳಗೆ ಮರದ ಹುಡಿಯಂಥ ಹಿಕ್ಕೆ ಕಂಡರೆ ಒಳಗೆ ಹುಳು ಇದೆ. ತಲೆಯ ಮೇಲೆ ತಲೆಕೆಳಗಾದ 'ವೈ' ಗುರುತು, ಬಾಲದ ಹತ್ತಿರ ಚೌಕವಾಗಿ ನಾಲ್ಕು ಚುಕ್ಕಿ. ಹುಳು ಸಣ್ಣದಿರುವಾಗ 9 ಪಾಲು ಒಣ ಹೊಯ್ಗೆಗೆ 1 ಪಾಲು ಸುಣ್ಣದ ಹುಡಿ ಬೆರೆಸಿ ಪ್ರತಿ ಸುಳಿಗೆ ಒಂದೊಂದು ಚಿಟಿಕೆ ಹಾಕಿ. ಮೊದಲ 30 ದಿನ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಮನೆಮಟ್ಟದ ಬೆಳೆಗೆ ನನ್ನ ಮೊದಲ ಆಯ್ಕೆ ಇದೇ. ಇದಕ್ಕೆ ಬಗ್ಗದಿದ್ದರೆ 1,500 ಪಿಪಿಎಂ ಬೇವಿನ ಔಷಧಿ, ಲೀಟರಿಗೆ 5 ಮಿ.ಲೀ. ಎಲೆಯ ಮೇಲೆ ಮಂಜಿನ ಹಾಗೆ ಹೊಡೆದರೆ ಪ್ರಯೋಜನವಿಲ್ಲ, ಸಂಜೆ ಹೊತ್ತಿಗೆ ಸುಳಿಯೊಳಗೆ ಇಳಿಯುವಂತೆ ಹೊಡೆಯಿರಿ. ಹುಳು ದೊಡ್ಡದಾಗಿ ಸುಳಿಯಲ್ಲಿ ಹಿಕ್ಕೆಯ ಬಿರಡೆ ಕಟ್ಟಿಕೊಂಡ ಮೇಲೆ ಯಾವ ಔಷಧಿಯೂ ಸರಿಯಾಗಿ ತಾಗುವುದಿಲ್ಲ. ಆಗ ಕೈಯಿಂದ ತೆಗೆಯುವುದೊಂದೇ ದಾರಿ.

ನಡುವಿನ ಕೆಲಸ ಸುಲಭ. ಕಳೆ ತೆಗೆಯಿರಿ. ತಿಂಗಳಾದಾಗ ಎರಡನೇ ಕಂತು ಯೂರಿಯಾ ಹಾಕಿ ಬುಡಕ್ಕೆ ಮಣ್ಣು ಏರಿಸಿ. ಮಣ್ಣು ನೋಡಿ ನಾಲ್ಕರಿಂದ ಏಳು ದಿನಕ್ಕೊಮ್ಮೆ ನೀರು ಬಿಡಿ. ಬುಡದಲ್ಲಿ ಬರುವ ಮರಿಗಳನ್ನು ಕಿತ್ತುಹಾಕುವ ಅಭ್ಯಾಸ ಹಲವರಿಗಿದೆ. ಕೀಳಬೇಕಾಗಿಲ್ಲ, ಅದರಿಂದ ತೆನೆ ದೊಡ್ಡದಾಗುವುದಿಲ್ಲ.

ಹೂವಿನ ವಾರ

ಇಲ್ಲಿ ನಿಧಾನವಾಗಿ ಓದಿ. ಬೆಳೆ ಗೆಲ್ಲುವುದೂ ಸೋಲುವುದೂ ಇಲ್ಲೇ.

ಜೋಳದ ಗಿಡದಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ ಕಡೆ ಇರುತ್ತವೆ. ತುದಿಯಲ್ಲಿ ಕವಲೊಡೆದು ನಿಲ್ಲುವುದು ಗಂಡು. ನಡುವಿನ ಎಲೆಯ ಕಂಕುಳಲ್ಲಿ ಬರುವ ತೆನೆ ಹೆಣ್ಣು. ತೆನೆಯ ತುದಿಯಿಂದ ಇಳಿಬೀಳುವ ಒಂದೊಂದು ಕೂದಲೂ ಒಳಗಿನ ಒಂದೊಂದು ಕಾಳಿಗೆ ಸೇರಿದ್ದು. ಒಂದು ಕೂದಲಿಗೆ ಪರಾಗ ಬಿದ್ದರೆ ಒಂದು ಕಾಳು. ಬೀಳದಿದ್ದರೆ ಆ ಜಾಗ ಖಾಲಿ. ತೆನೆಯಲ್ಲಿ ನಾನೂರು ಐನೂರು ಕಾಳು ಬೇಕಾದರೆ ಅಷ್ಟೂ ಕೂದಲಿಗೆ ಪರಾಗ ತಾಗಲೇಬೇಕು.

ಪರಾಗ ಹೊರುವುದು ಗಾಳಿ. ಜೋಳದ ಪರಾಗ ಭಾರ, ಹೆಚ್ಚಿನದು ಕೆಲವೇ ಮೀಟರ್ ದೂರದಲ್ಲಿ ನೆಲಕ್ಕೆ ಬೀಳುತ್ತದೆ. ಒಂದೇ ಸಾಲು ಹಾಕಿದಲ್ಲಿ ಗಾಳಿ ಅಡ್ಡ ಬೀಸಿದರೆ ಪರಾಗವೆಲ್ಲ ಪಕ್ಕದ ಅಂಗಳಕ್ಕೆ ಹೋಯಿತು. ಚೌಕದಲ್ಲಾದರೆ ಗಾಳಿ ಯಾವ ಕಡೆಯಿಂದ ಬಂದರೂ ಇನ್ನೊಂದು ಗಿಡದ ಕೂದಲು ಅಲ್ಲಿರುತ್ತದೆ. ನಮ್ಮಲ್ಲಿ ಬೆಳಗ್ಗೆ ಗಾಳಿಯೇ ಇರುವುದಿಲ್ಲ, ಕಡಲ ಗಾಳಿ ಏಳುವುದು ಮಧ್ಯಾಹ್ನದ ಹೊತ್ತಿಗೆ. ಪರಾಗ ಉದುರುವುದು ಬೆಳಗ್ಗೆ. ಅದಕ್ಕೇ ಸಣ್ಣ ತೋಟದಲ್ಲಿ ಕೈಯಾರೆ ಪರಾಗ ಹಾಕಲೇಬೇಕು ಎನ್ನುವುದು.

ಬೆಳಗ್ಗೆ ಮಂಜು ಆರಿದ ಮೇಲೆ, 9ರಿಂದ 11ರೊಳಗೆ ಹೋಗಿ. ಗಂಡು ಹೂವನ್ನು ಮೆಲ್ಲಗೆ ಬಗ್ಗಿಸಿ, ಕೆಳಗೆ ಒಣಗಿದ ಹಾಳೆ ತಟ್ಟೆ ಹಿಡಿದು ಬೆರಳಿನಿಂದ ತಟ್ಟಿ. ಹಳದಿ ಹುಡಿ ಬೀಳುತ್ತದೆ. ಏನೂ ಬೀಳದಿದ್ದರೆ ಹೂ ಇನ್ನೂ ಬಿರಿದಿಲ್ಲ, ನಾಳೆ ಬನ್ನಿ. ಹೂ ಮುರಿಯಬೇಡಿ, ಒಂದೇ ಹೂ ಐದಾರು ದಿನ ಪರಾಗ ಕೊಡುತ್ತದೆ. ನಾಲ್ಕೈದು ಗಿಡದ ಹುಡಿ ಒಟ್ಟು ಮಾಡಿ. ಮೆತ್ತಗಿನ ಬ್ರಷ್‌ನಿಂದ ಕೂದಲಿನ ಮೇಲೆ ಉದುರಿಸಿ. ಮೇಲಿನಿಂದ ಉದುರಿಸಿ ಬಂದರೆ ಸಾಲದು, ಜುಟ್ಟನ್ನು ಬೆರಳಲ್ಲಿ ಬಿಡಿಸಿ, ಅಡಿಗೂ ಒಳಗೂ ತಾಗಿಸಿ. ಹೆಚ್ಚಿನವರು ತಪ್ಪುವುದು ಇಲ್ಲಿ. ಒಂದು ಬದಿ ತುಂಬಿ ಇನ್ನೊಂದು ಬದಿ ಖಾಲಿ ಉಳಿದ ತೆನೆ ನೋಡಿದ್ದೀರಲ್ವಾ? ಕಾರಣ ಇದೇ. ತೆಗೆದ ಹುಡಿಯನ್ನು ಕೂಡಲೇ ಬಳಸಿ. ಡಬ್ಬಿಯಲ್ಲಿ ಇಟ್ಟು ಸಂಜೆ ಹಾಕಿದರೆ ಅದಕ್ಕೆ ಜೀವ ಇರುವುದಿಲ್ಲ.

ಒಂದು ದಿನ ಮಾಡಿ ಬಿಡಬೇಡಿ. ತೆನೆಯ ಬುಡದ ಕಾಳಿನ ಕೂದಲು ಮೊದಲು ಹೊರಬರುತ್ತದೆ, ತುದಿಯದ್ದು ಕೊನೆಗೆ. ದಿನಬಿಟ್ಟು ದಿನ ಮೂರು ಸಲ ಮಾಡಿದರೆ ತುದಿಯವರೆಗೂ ತುಂಬುತ್ತದೆ. ಕೂದಲು ತುಂಬಾ ಉದ್ದ ಬಂದು ಒಂದರ ಮೇಲೊಂದು ಬಿದ್ದಿದ್ದರೆ ಎರಡು ಇಂಚು ಬಿಟ್ಟು ಕತ್ತರಿಸಿ, ಆಮೇಲೆ ಪರಾಗ ಹಾಕಿ. ಹೆದರಬೇಡಿ, ಕೂದಲಿನ ಉದ್ದಕ್ಕೂ ಎಲ್ಲಿ ಬಿದ್ದರೂ ಪರಾಗ ಹಿಡಿಯುತ್ತದೆ.

ಈ ದಿನಗಳಲ್ಲಿ ನೀರು ಒಂದು ಹೊತ್ತೂ ತಪ್ಪಬಾರದು. ಗಿಡ ಬಾಯಾರಿದರೆ ಕೂದಲು ತಡವಾಗಿ ಬರುತ್ತದೆ. ಅಷ್ಟರಲ್ಲಿ ಪರಾಗ ಉದುರಿ ಮುಗಿದಿರುತ್ತದೆ. ನೀರು ಬುಡಕ್ಕೆ ಬಿಡಿ, ಪೈಪ್ ಹಿಡಿದು ತಲೆಯ ಮೇಲೆ ಹೊಡೆಯಬೇಡಿ. ಬೆಳಗ್ಗೆ ಔಷಧಿಯನ್ನೂ ಹೊಡೆಯಬೇಡಿ, ಜೇನುನೊಣಗಳು ಪರಾಗಕ್ಕೆ ಬಂದಿರುತ್ತವೆ.

ಸರಿಯಾಗಿದೆಯೇ ಎಂದು ನೋಡಲು ಒಂದು ಉಪಾಯವಿದೆ. ಪರಾಗ ಹಾಕಿದ ಮೂರು ದಿನದ ನಂತರ ಒಂದು ತೆನೆ ಕಿತ್ತು, ಸಿಪ್ಪೆ ಜಾಗ್ರತೆಯಿಂದ ಬಿಡಿಸಿ, ಮೆಲ್ಲಗೆ ಅಲ್ಲಾಡಿಸಿ. ಕಾಳು ಕಟ್ಟಿದ ಕಡೆಯ ಕೂದಲು ಕಳಚಿ ಬೀಳುತ್ತದೆ, ಕಟ್ಟದ ಕಡೆಯದ್ದು ಅಂಟಿಕೊಂಡೇ ಇರುತ್ತದೆ. ತುಂಬಾ ಅಂಟಿಕೊಂಡಿದ್ದರೆ ಉಳಿದ ಗಿಡಗಳಿಗೆ ಅದೇ ದಿನ ಇನ್ನೊಮ್ಮೆ ಪರಾಗ ಹಾಕಿ. ಒಂದು ತೆನೆ ಹೋದರೆ ಹೋಗಲಿ.

ಹತ್ತಿರದಲ್ಲಿ ಯಾರಾದರೂ ದನಕ್ಕೆ ಮೇವಿನ ಜೋಳ ಹಾಕಿದ್ದಾರೆಯೇ ಎಂದು ಬಿತ್ತುವ ಮೊದಲೇ ವಿಚಾರಿಸಿ. ಅದರ ಪರಾಗ ಬಿದ್ದರೆ ನಿಮ್ಮ ಸಿಹಿ ಜೋಳದ ಕಾಳು ಅದೇ ತೆನೆಯಲ್ಲೇ ಹಿಟ್ಟುಹಿಟ್ಟಾಗುತ್ತದೆ. ಎರಡರ ಹೂವಿಗೆ ಎರಡು ಮೂರು ವಾರದ ಅಂತರ ಬರುವಂತೆ ಬಿತ್ತಿ.

ಕೊಯ್ಲು

ಕೂದಲು ಹೊರಬಂದ ದಿನವನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಅಲ್ಲಿಂದ 18ರಿಂದ 22 ದಿನಕ್ಕೆ ತೆನೆ ಸಿದ್ಧ. ಕೂದಲು ಕಂದು ಬಣ್ಣಕ್ಕೆ ತಿರುಗಿ ಒಣಗಿರುತ್ತದೆ, ಸಿಪ್ಪೆ ಇನ್ನೂ ಹಸಿರಾಗಿರುತ್ತದೆ. ತುದಿಯಲ್ಲಿ ಸ್ವಲ್ಪ ಬಿಡಿಸಿ ಒಂದು ಕಾಳನ್ನು ಉಗುರಿನಿಂದ ಚುಚ್ಚಿ. ನೀರು ಬಂದರೆ ಬೇಗ ಆಯಿತು. ಹಾಲು ಬಂದರೆ ಸರಿ. ಹಿಟ್ಟು ಬಂದರೆ ತಡವಾಯಿತು. ಈ ಹಾಲಿನ ಹಂತ ಕೆಲವೇ ದಿನ ಇರುತ್ತದೆ. ಭಾನುವಾರ ನೆಂಟರು ಬರುತ್ತಾರೆ, ಆಗ ಕೊಯ್ಯೋಣ ಎಂದು ಕಾಯಬೇಡಿ. ಕೂದಲು ಒಣಗುವ ಹೊತ್ತಿಗೆ ಗಿಳಿಗಳೂ ಬರುತ್ತವೆ. ತೆನೆಗೆ ಕಾಗದದ ಚೀಲ ಕಟ್ಟಿ. ಪ್ಲಾಸ್ಟಿಕ್ ಬೇಡ, ಒಳಗೆ ಬೆವರಿ ಬೂಸ್ಟು ಬರುತ್ತದೆ.

ಬೆಳಗ್ಗೆ ತಂಪಿನಲ್ಲಿ, ತೆನೆಯನ್ನು ಕೆಳಕ್ಕೆ ಬಗ್ಗಿಸಿ ತಿರುಚಿ ಕೀಳಿ. ಕಿತ್ತ ಗಳಿಗೆಯಿಂದ ಸಕ್ಕರೆ ಹಿಟ್ಟಾಗಲು ಶುರು. ಅದೇ ದಿನ ಬೇಯಿಸಿ. ಆಗದಿದ್ದರೆ ಸಿಪ್ಪೆ ಸಮೇತ ಫ್ರಿಜ್ಜಿನಲ್ಲಿಡಿ. ಬೇಯಿಸುವಾಗ ಮೊದಲೇ ಉಪ್ಪು ಹಾಕಬೇಡಿ. ಕುದಿಯುವ ನೀರಿಗೆ ಹಾಕಿ ಐದು ನಿಮಿಷದಲ್ಲಿ ತೆಗೆಯಿರಿ. ಕುಕ್ಕರಿನಲ್ಲಿ ಮೂರು ಸೀಟಿ ಹಾಕಿಸಿದರೆ ಇಷ್ಟು ಕಷ್ಟಪಟ್ಟು ಬೆಳೆದ ಸಿಹಿಯೆಲ್ಲ ನೀರಿಗೆ ಹೋಗುತ್ತದೆ.

ತೆನೆ ತೆಗೆದ ದಂಟು ಇನ್ನೂ ಹಸಿರಾಗಿರುತ್ತದೆ. ಔಷಧಿ ಹೊಡೆಯದಿದ್ದರೆ ಅಂದೇ ಕಡಿದು ಹಟ್ಟಿಗೆ ಹಾಕಿ, ದನ ಆಸೆಯಿಂದ ತಿನ್ನುತ್ತದೆ. ಸೈನಿಕ ಹುಳುವಿನ ಕೋಶ ಮಣ್ಣಿನಲ್ಲಿ ಅಡಗಿರುತ್ತದೆ. ಗದ್ದೆಯನ್ನು ಒಮ್ಮೆ ಅಗೆದು ಮಗುಚಿ ಬಿಸಿಲಿಗೆ ಬಿಡಿ. ಆಮೇಲೆ ಅಲ್ಲಿ ಅಲಸಂಡೆ ಬಿತ್ತಿ.