ಕಿಣ್ವ ಸರಿಯಿತ್ತು, ತಪ್ಪು ನನ್ನದು

ಬೆಳಕು ಬಿದ್ದರೆ ಪೆರಿಫಿಲ್ಲಾಕ್ಕೆ ಆಗಿಬರುವುದಿಲ್ಲ. ಆಳ ಕಡಲಿನ ಈ ಜೆಲ್ಲಿಫಿಶ್‌ನ ಮೈಯಲ್ಲಿರುವ ಕಡುಗೆಂಪು ಬಣ್ಣವೇ ಬೆಳಕಿಗೆ ಒಡೆದು ವಿಷವಾಗುತ್ತದೆ. ಹಾಗಾಗಿ ನಾರ್ವೆಯ ಬರ್ಗನ್ ಹತ್ತಿರದ ಲೂರೆಫ್ಯೋರ್ಡ್‌ನಲ್ಲಿ ಬಲೆ ಎಳೆದಿದ್ದು ರಾತ್ರಿ, ಮಂಕು ಕೆಂಪು ಟಾರ್ಚ್ ಹಿಡಿದು. ಅದನ್ನೂ ಆರಿಸಿ, ಕಣ್ಣು ಕತ್ತಲಿಗೆ ಒಗ್ಗುವವರೆಗೆ ಅರ್ಧ ಗಂಟೆ ಬಕೆಟ್ ಪಕ್ಕ ಸುಮ್ನೆ ಕೂತಿದ್ದೆ. ಚಳಿ ಬೇರೆ. ಆಮೇಲೆ ಗಾಜಿನ ಕಡ್ಡಿಯಿಂದ ಮೆಲ್ಲಗೆ ಮುಟ್ಟಿದೆ. ನೀಲಿ ಬೆಳಕು ಫಕ್ಕನೆ ಎದ್ದು ಮಾಯವಾಯಿತು.

ಅದೇ ಬೆಳಕನ್ನು ಟ್ಯೂಬಿನಲ್ಲಿ ತರಿಸುವುದು ನನ್ನ ಕೆಲಸ. ಲೆಕ್ಕ ಸರಳ: ಸೀಲೆಂಟರಜೀನ್ ಎಂಬ ಇಂಧನ, ಲೂಸಿಫರೇಸ್ ಎಂಬ ಕಿಣ್ವ, ಜೊತೆಗೆ ಆಮ್ಲಜನಕ. ಇಂಧನ ಉರಿದಾಗ ಬಿಸಿಯ ಬದಲು ಬೆಳಕು ಬರುತ್ತದೆ. ಜೆಲ್ಲಿಯ ತುಂಡನ್ನು ಐಸಿನ ಮೇಲೆ ಅರೆದು, ಸೋಸಿ, ಕಿಣ್ವದ ರಸ ತೆಗೆದೆ. ಒಂದು ಹನಿ ಸೀಲೆಂಟರಜೀನ್ ಹಾಕಿದರೆ ಚೆನ್ನಾಗಿ ಹೊಳೆಯಿತು. ಖುಷಿಯಲ್ಲಿ ಸೀಲೆಂಟರಜೀನ್ ಸೀಸೆಯನ್ನು ಮೇಜಿನ ಮೇಲೇ ಬಿಟ್ಟು ಮನೆಗೆ ಹೋದೆ.

ಮರುದಿನ ಏನೂ ಇಲ್ಲ. ಕಿಣ್ವ ಸತ್ತಿದೆ ಅಂದುಕೊಂಡು ಇನ್ನೆರಡು ಜೀವ ಅರೆದೆ, ಅದು ಈಗಲೂ ಬೇಜಾರು. ಕ್ಯಾಲ್ಸಿಯಂ ಕೂಡ ಹಾಕಿ ನೋಡಿದೆ. ವಿಜ್ಞಾನಿ ಒಸಾಮು ಶಿಮೊಮುರಾ 1961ರಲ್ಲಿ ಅಮೆರಿಕದ ಫ್ರೈಡೇ ಹಾರ್ಬರ್‌ನಲ್ಲಿ ಇನ್ನೊಂದು ಜೆಲ್ಲಿಫಿಶ್‌ನ ರಸವನ್ನು ಸಿಂಕಿಗೆ ಸುರಿದಾಗ, ಅಲ್ಲಿದ್ದ ಕಡಲ ನೀರಿನ ಕ್ಯಾಲ್ಸಿಯಂ ತಾಗಿ ಝಗ್ಗನೆ ಹೊಳೆದಿತ್ತಲ್ವಾ, ಆ ಕಥೆ ತಲೆಯಲ್ಲಿತ್ತು. ಅದು ಏಕ್ವೋರಿಯಾ. ಅದರ ಪ್ರೋಟೀನ್ ಇಂಧನವನ್ನು ಮೊದಲೇ ಹಿಡಿದಿಟ್ಟುಕೊಂಡಿರುತ್ತದೆ, ಕ್ಯಾಲ್ಸಿಯಂ ಬರೀ ಬಂದೂಕಿನ ಕುದುರೆ ಎಳೆದ ಹಾಗೆ. ಪೆರಿಫಿಲ್ಲಾದ ಪದ್ಧತಿ ಬೇರೆ.

ಕೆಟ್ಟಿದ್ದು ಇಂಧನ. ಅಭ್ಯಾಸಬಲದಿಂದ ಅದನ್ನು ಡಿಎಂಎಸ್‌ಓ ಎಂಬ ದ್ರಾವಕದಲ್ಲಿ ಕರಗಿಸಿದ್ದೆ. ಅದರಲ್ಲಿ ಸೀಲೆಂಟರಜೀನ್ ಬಾಳುವುದಿಲ್ಲ, ಗಾಳಿ ತಾಗಿದರೂ ತಾನಾಗಿಯೇ ಹಾಳಾಗುತ್ತದೆ. ಹೊಸದನ್ನು ಮೆಥನಾಲ್‌ನಲ್ಲಿ ಕರಗಿಸಿ ಹಳೆಯ ರಸಕ್ಕೇ ಒಂದು ಹನಿ ಹಾಕಿದೆ. ಟ್ಯೂಬ್ ಹಿಡಿದ ಬೆರಳುಗಳ ಅಂಚು ನೀಲಿಯಾಗಿ ಕಂಡಿತು.

ಜೆಲ್ಲಿಫಿಶ್‌ಗೂ ಇದೇ ಪಾಡು ಇರಬಹುದು. ಏಕ್ವೋರಿಯಾ ಈ ಇಂಧನವನ್ನು ತಾನೇ ತಯಾರಿಸುವುದಿಲ್ಲ, ತಿಂದ ಆಹಾರದಿಂದ ಪಡೆಯುತ್ತದೆ ಅಂತ 2001ರಲ್ಲಿ ಗೊತ್ತಾಯಿತು. ನಾನಂತೂ ಈಗ ಚಿಕ್ಕ ಚಿಕ್ಕ ಪಾಲು ಮಾಡಿ, ಫಾಯಿಲ್ ಸುತ್ತಿ, ಮೈನಸ್ 80 ಡಿಗ್ರಿಯಲ್ಲಿ ಇಡುತ್ತೇನೆ. ತಾರೀಕು ಬರೆದು.