ಗುಲ್‌ಮಾರ್ಗ್‌ನಲ್ಲಿ ಐದು ರಾತ್ರಿ: ನಮ್ಮ ಮನೆಯವರು ಸ್ಕೀ ಕಲಿತ ಬಗೆ

ಕಾಶ್ಮೀರಕ್ಕೆ ಹೋಗಿಬಂದ ನಮ್ಮ ಬಂಧುಗಳಲ್ಲಿ ಹೆಚ್ಚಿನವರು ಗುಲ್‌ಮಾರ್ಗನ್ನು ಕಂಡಿರುವುದು ಐದಾರು ಗಂಟೆಗಳ ಮಟ್ಟಿಗೆ ಮಾತ್ರ. ಬೆಳಿಗ್ಗೆ ಶ್ರೀನಗರದಿಂದ ಟ್ಯಾಕ್ಸಿಯಲ್ಲಿ ಹೊರಟು, ಸುಮಾರು 50 ಕಿಲೋಮೀಟರ್ ದಾರಿ ಕ್ರಮಿಸಿ, ಬಾಡಿಗೆಯ ಕೋಟು ತೊಟ್ಟು, ಬೆಟ್ಟ ಹತ್ತಿಸುವ ಕೇಬಲ್ ಕಾರಾದ ಗೊಂಡೋಲಾದ ಸರದಿಯಲ್ಲಿ ನಿಂತು, ಹಿಮದಲ್ಲಿ ಫೋಟೊ ತೆಗೆಸಿಕೊಂಡು, ಕತ್ತಲಾಗುವ ಮೊದಲು ಇಳಿದುಬಿಡುವುದು ಪ್ರವಾಸಿಗಳ ರೂಢಿ. ಮೈಸೂರಿನಿಂದ ಹೊರಟ ನಾವು ಐವರು, ಅಂದರೆ ನಾನು, ನನ್ನ ಪತಿ, 67 ವರ್ಷದ ಅತ್ತೆ, 13ರ ಮಗಳು ಮತ್ತು 8ರ ಮಗ, 2024ರ ಫೆಬ್ರವರಿ ಎರಡನೆಯ ವಾರದಲ್ಲಿ ಐದು ರಾತ್ರಿ ಅಲ್ಲಿಯೇ ತಂಗಿ, ಕಾಲಿಗೆ ಉದ್ದನೆಯ ಹಲಗೆಗಳನ್ನು ಕಟ್ಟಿಕೊಂಡು ಹಿಮದ ಮೇಲೆ ಜಾರುವ ಸ್ಕೀ ಕಲಿತೆವು. ಕಾಶ್ಮೀರದ ಬೇರೆ ಪ್ರವಾಸಿ ತಾಣಗಳಾದ ಪಹಲ್ಗಾಮ್, ಸೋನಮಾರ್ಗ್ ಎರಡನ್ನೂ ಕೈಬಿಟ್ಟದ್ದಕ್ಕೆ ನೆಂಟರಿಷ್ಟರೆಲ್ಲ ಹುಬ್ಬೇರಿಸಿದರು. ಹಿಮವನ್ನೇ ಕಾಣದೆ ಬೆಳೆದವರು ಸ್ಕೀ ಕಲಿಯಬೇಕೆಂದಿದ್ದರೆ ಒಂದೇ ಕಡೆ ಬೀಡುಬಿಡುವುದೇ ಸರಿ ಎಂಬ ನನ್ನ ಅಭಿಪ್ರಾಯ ಈಗಲೂ ಬದಲಾಗಿಲ್ಲ.

ತಿಂಗಳನ್ನು ಆರಿಸುವುದೇ ಮೊದಲ ಕಷ್ಟ. ಮಕ್ಕಳಿಗೆ ರಜೆ ಇರುವುದು ಕ್ರಿಸ್‌ಮಸ್ ಸಮಯದಲ್ಲಿ. ಆದರೆ ಕಾಶ್ಮೀರಿಗಳು ಚಿಲ್ಲೈ ಕಲಾನ್ ಎಂದು ಕರೆಯುವ 40 ದಿನಗಳ ಕಡು ಚಳಿ ಆರಂಭವಾಗುವುದೇ ಡಿಸೆಂಬರ್ 21ರಂದು. ಆ ಹೊತ್ತಿಗೆ ಇಳಿಜಾರುಗಳಲ್ಲಿ ಸ್ಕೀ ಮಾಡುವಷ್ಟು ಹಿಮ ಕೂಡಿರುತ್ತದೆಂಬ ಭರವಸೆಯಿಲ್ಲ. ಆದ್ದರಿಂದ ಶಾಲೆಯ ಅನುಮತಿ ಪಡೆದು, ಮಗಳ ಮಾರ್ಚ್ ಪರೀಕ್ಷೆಯ ಪುಸ್ತಕಗಳನ್ನೂ ಚೀಲಕ್ಕೆ ತುಂಬಿಕೊಂಡು, ಫೆಬ್ರವರಿಯಲ್ಲೇ ಹೋಗುವುದೆಂದು ನವೆಂಬರಿನಲ್ಲಿ ನಿಶ್ಚಯಿಸಿದೆವು. ಅಲ್ಲಿಗೆ ಚಳಿಗಾಲದ ಹಿಮವನ್ನು ತರುವುದು ಮೆಡಿಟರೇನಿಯನ್ ಕಡೆಯಿಂದ ಸಾಗಿಬರುವ ಮೋಡಗಳು. ಅವು ಕೈಕೊಟ್ಟರೆ ಯಾರೂ ಏನೂ ಮಾಡುವಂತಿಲ್ಲ. ಆ ವರ್ಷದ ಜನವರಿಯಲ್ಲಿ ಆದದ್ದೂ ಅದೇ. ಗುಲ್‌ಮಾರ್ಗ್‌ನ ಬಯಲಿನಲ್ಲಿ ಒಣಹುಲ್ಲು ಕಾಣುವ ಚಿತ್ರಗಳು ಪತ್ರಿಕೆಗಳಲ್ಲಿ ಬರತೊಡಗಿದಾಗ ಟಿಕೆಟ್ ರದ್ದು ಮಾಡಬೇಕೆ ಎಂದು ಮನೆಯಲ್ಲಿ ದಿನವೂ ಚರ್ಚೆಯಾಗುತ್ತಿತ್ತು. ಜನವರಿಯ ಕೊನೆಯ ದಿನಗಳಲ್ಲಿ ಹಿಮ ಬಿತ್ತು, ನಾವು ಬಚಾವಾದೆವು.

ಸ್ಕೀ ಮಾಡುವಾಗ ಸೋಲುವುದು ತೊಡೆಯ ಸ್ನಾಯುಗಳು ಎಂದು ಓದಿದ್ದರಿಂದ ಎರಡು ತಿಂಗಳು ಮುಂಚೆಯೇ ವಾರಕ್ಕೆರಡು ಬಾರಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಇಳಿಯತೊಡಗಿದೆವು. ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳಿರುವ ಆ ದಾರಿಯಲ್ಲಿ ಹತ್ತುವಾಗ ಉಸಿರು ಸುಧಾರಿಸಿತು ನಿಜ, ಆದರೆ ನಮಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಇಳಿಯುವ ಅಭ್ಯಾಸ, ಏಕೆಂದರೆ ಮಡಿಚಿದ ಮೊಣಕಾಲಿನ ಮೇಲೆ ಮೈಭಾರವನ್ನು ತಡೆಯುತ್ತಾ ಕೆಳಗೆ ಬರುವುದೇ ಸ್ಕೀಯಲ್ಲೂ ತೊಡೆಗಳ ಕೆಲಸ. ಜೊತೆಗೆ, ಗೋಡೆಗೆ ಬೆನ್ನು ಆನಿಸಿ ಕುರ್ಚಿಯಿಲ್ಲದೆ ಕೂತಂತೆ ನಿಲ್ಲುವ ಕಸರತ್ತನ್ನು ಮಕ್ಕಳು ಪೈಪೋಟಿಯ ಮೇಲೆ ಮಾಡುತ್ತಿದ್ದರು. ಅತ್ತೆಗೆ ರಕ್ತದೊತ್ತಡದ ಮಾತ್ರೆಗಳಿರುವುದರಿಂದ ವೈದ್ಯರಿಗೆ ಎತ್ತರದ ಲೆಕ್ಕವನ್ನು ತಿಳಿಸಿಯೇ ಹೊರಟೆವು. ಮೈಸೂರು ಸುಮಾರು 770 ಮೀಟರ್ ಎತ್ತರದಲ್ಲಿದೆ, ಶ್ರೀನಗರ ಸುಮಾರು 1,600, ಗುಲ್‌ಮಾರ್ಗ್ ಸುಮಾರು 2,650. ಮೊದಲ ರಾತ್ರಿ ಶ್ರೀನಗರದಲ್ಲಿ ತಂಗಿದ್ದು ದೇಹ ಹೊಂದಿಕೊಳ್ಳಲೆಂದೇ.

ಹೊರ ರಾಜ್ಯಗಳ ಪ್ರಿಪೇಯ್ಡ್ ಸಿಮ್ ಅಲ್ಲಿ ಕೆಲಸ ಮಾಡುವುದಿಲ್ಲ. ಪೋಸ್ಟ್‌ಪೇಯ್ಡ್ ಇರುವ ನನ್ನ ಫೋನೊಂದೇ ಇಡೀ ಪ್ರಯಾಣದಲ್ಲಿ ನಮಗೆ ಆಸರೆಯಾಯಿತು. ಗುಲ್‌ಮಾರ್ಗ್‌ನ ಬೆಟ್ಟದ ಬುಡದ ಊರಾದ ಟಂಗ್‌ಮಾರ್ಗ್‌ನಲ್ಲಿ ನಮ್ಮ ಟ್ಯಾಕ್ಸಿ ನಿಂತು, ಚಕ್ರಗಳಿಗೆ ಸರಪಳಿ ಬಿಗಿದ ಬೇರೊಂದು ಗಾಡಿಗೆ ಸಾಮಾನುಗಳನ್ನು ವರ್ಗಾಯಿಸಬೇಕಾಯಿತು. ಅಲ್ಲಿಂದ ಮೇಲಕ್ಕೆ ಸುಮಾರು 13 ಕಿಲೋಮೀಟರ್ ಪೈನ್ ಮರಗಳ ನಡುವಿನ ತಿರುವುಗಳು, ಟೈರಿನಡಿ ಹಿಮ ನುರಿಯುವ ಸದ್ದು.

ಬಟ್ಟೆಯ ವಿಷಯದಲ್ಲಿ ನಾನು ಮಾಡಿದ ತಪ್ಪು ಹತ್ತಿಯ ಬನಿಯನ್ನುಗಳನ್ನು ಕೊಂಡೊಯ್ದದ್ದು. ಸ್ಕೀ ಕಲಿಯುವಾಗ ಬೆವರು ಧಾರಾಳವಾಗಿ ಬರುತ್ತದೆ, ಹತ್ತಿ ಅದನ್ನು ಹೀರಿಕೊಂಡು ಒದ್ದೆಯಾಗಿಯೇ ಉಳಿಯುತ್ತದೆ, ನಿಂತ ಕೂಡಲೇ ಮೈ ಕೊರೆಯುತ್ತದೆ. ಒಳಗೆ ಬೇಗ ಆರುವ ಥರ್ಮಲ್, ನಡುವೆ ಉಣ್ಣೆ, ಹೊರಗೆ ನೀರು ತಡೆಯುವ ಜಾಕೆಟ್ಟು ಇದ್ದರೆ ಸಾಕು. ಅಜ್ಜಿ ಹೆಣೆದುಕೊಟ್ಟ ಉಣ್ಣೆಯ ಕೈಗವಸುಗಳು ಮಕ್ಕಳು ಎರಡು ಸಲ ಬೀಳುವಷ್ಟರಲ್ಲಿ ತೊಯ್ದು ಹೋದವು. ನೀರು ಒಳಹೋಗದ ಗವಸುಗಳು ಪ್ರತಿಯೊಬ್ಬರಿಗೂ ಎರಡು ಜೊತೆ ಬೇಕು. ಬಿಸಿಲಿನದೂ ಒಂದು ಪಾಠವಾಯಿತು. ಹೊಸ ಹಿಮವು ನೇರಳಾತೀತ ಕಿರಣಗಳನ್ನು ಶೇಕಡ 80ರವರೆಗೆ ಪ್ರತಿಫಲಿಸುವುದರಿಂದ ಉರಿ ನೆಲದಿಂದಲೂ ಏಳುತ್ತದೆ. ನನ್ನ ಪತಿ ಮುಖಕ್ಕೆಲ್ಲ ಸನ್‌ಸ್ಕ್ರೀನ್ ಬಳಿದು ಗದ್ದದ ಕೆಳಭಾಗವನ್ನು ಮರೆತಿದ್ದರು, ಸುಟ್ಟದ್ದು ಅದೊಂದೇ ಜಾಗ.

ಎಲ್ಲಕ್ಕಿಂತ ಮುಖ್ಯವಾದದ್ದು ಬೂಟು, ಅದನ್ನು ಒತ್ತಿ ಹೇಳಬೇಕು. ಮೊದಲ ದಿನ ಟ್ಯಾಕ್ಸಿ ನಿಲ್ದಾಣದ ಬಳಿ ಎದುರಾದ ಒಬ್ಬ ಯುವಕನ ಮಾತಿಗೆ ಒಪ್ಪಿ, ಅವನು ತಂದುಕೊಟ್ಟ ಬೂಟನ್ನೇ ಎರಡೆರಡು ದಪ್ಪ ಕಾಲುಚೀಲಗಳ ಮೇಲೆ ತೊಟ್ಟೆವು. ಬೂಟು ಸಡಿಲವಾಗಿತ್ತು, ಹಿಮ್ಮಡಿ ಒಳಗೇ ಎದ್ದು ಎದ್ದು ಕೂರುತ್ತಿತ್ತು, ಹೊರಳಿಸಿದ ಕಡೆಗೆ ಹಲಗೆ ಹೊರಳುತ್ತಿರಲಿಲ್ಲ. ಅವನು ಮೂರು ಗಂಟೆ ನಮ್ಮ ಕೈ ಹಿಡಿದು ಎಳೆದಾಡಿದನೇ ಹೊರತು ಏನೂ ಕಲಿಸಲಿಲ್ಲ. ಸಂಜೆ ಹೋಟೆಲಿನಲ್ಲಿ ವಿಚಾರಿಸಿ, ಗುರುತಿನ ಚೀಟಿ ಇದ್ದ ಹಿರಿಯ ತರಬೇತುದಾರರೊಬ್ಬರನ್ನು ನಾಲ್ಕು ದಿನಗಳಿಗೆ ಗೊತ್ತುಮಾಡಿಕೊಂಡೆವು. ದಿನಕ್ಕೆ ಎಷ್ಟು ಗಂಟೆ, ಸಲಕರಣೆ ಸೇರಿದೆಯೇ ಇಲ್ಲವೇ ಎಂಬುದನ್ನು ಆಗಲೇ ಮಾತಾಡಿಕೊಂಡೆವು. ಅವರು ಮಾಡಿದ ಮೊದಲ ಕೆಲಸ ನಮ್ಮ ಕಾಲುಚೀಲಗಳಲ್ಲಿ ಒಂದೊಂದನ್ನು ಬಿಚ್ಚಿಸಿದ್ದು. ನೇರ ನಿಂತಾಗ ಬೆರಳ ತುದಿ ಬೂಟಿನ ಮುಂಭಾಗಕ್ಕೆ ಮೆಲ್ಲಗೆ ತಾಗಬೇಕು, ಮೊಣಕಾಲು ಬಗ್ಗಿಸಿದಾಗ ಹಿಂದೆ ಸರಿಯಬೇಕು, ಹಿಮ್ಮಡಿ ಮಾತ್ರ ಅಲುಗಾಡಬಾರದು ಎಂಬುದು ಅವರ ಅಳತೆ. ಬಿದ್ದಾಗ ಬೂಟಿನಿಂದ ಹಲಗೆ ಕಳಚಿಕೊಳ್ಳುವಂತೆ ಮಾಡುವ ಬೈಂಡಿಂಗನ್ನೂ ಪ್ರತಿಯೊಬ್ಬರ ತೂಕ ಕೇಳಿಯೇ ತಿರುಗಿಸಿ ಇಟ್ಟರು. ಹಿಂದಿನ ದಿನ ನಮ್ಮ ತೂಕವನ್ನು ಯಾರೂ ಕೇಳಿರಲಿಲ್ಲವೆಂಬುದು ಆಗ ಹೊಳೆದು ನನಗೆ ಎದೆ ಧಸಕ್ಕೆಂದಿತು.

ಮೊದಲರ್ಧ ದಿನ ಅವರು ನಮ್ಮನ್ನು ಜಾರಲು ಬಿಡಲೇ ಇಲ್ಲ. ಒಂದೇ ಹಲಗೆ ಕಟ್ಟಿಕೊಂಡು ಸಮತಟ್ಟಿನಲ್ಲಿ ನಡೆಯುವುದು, ಇಳಿಜಾರಿಗೆ ಅಡ್ಡಲಾಗಿ ನಿಂತು ಏಡಿಯಂತೆ ಪಕ್ಕಕ್ಕೆ ಹೆಜ್ಜೆಯಿಟ್ಟು ಮೇಲೇರುವುದು, ಹಿಂದಕ್ಕೆ ಬೀಳದೆ ಪಕ್ಕಕ್ಕೆ ಬೀಳುವುದು, ಬಿದ್ದ ಮೇಲೆ ಹಲಗೆಗಳನ್ನು ಇಳಿಜಾರಿಗೆ ಅಡ್ಡಲಾಗಿಸಿಕೊಂಡು ಏಳುವುದು ಇಷ್ಟನ್ನೇ ಮಾಡಿಸಿದರು. ಮಧ್ಯಾಹ್ನ ಹಲಗೆಗಳ ಮೂತಿಗಳನ್ನು ಹತ್ತಿರ ತಂದು ಬಾಲಗಳನ್ನು ಅಗಲಿಸಿ ವೇಗ ತಡೆಯುವುದನ್ನು ಕಲಿಸಿದರು. ಮಕ್ಕಳಿಗೆ ಅದನ್ನು ಪೀಜಾದ ತುಂಡು ಎಂದು ಹೇಳಿಕೊಟ್ಟರು. ಮಗ ಎರಡನೆಯ ದಿನವೇ ನಿಲ್ಲಿಸುವುದನ್ನೂ ತಿರುಗುವುದನ್ನೂ ಕಲಿತುಬಿಟ್ಟ. ನಮ್ಮಂಥ ದೊಡ್ಡವರ ತೊಡಕೆಂದರೆ, ಹೆದರಿಕೆಯಾದೊಡನೆ ಮೈ ತಾನಾಗಿ ಹಿಂದಕ್ಕೆ ವಾಲುತ್ತದೆ. ಹಾಗೆ ವಾಲಿದರೆ ಹಲಗೆಯ ಮೂತಿಯ ಮೇಲಿನ ಭಾರ ಹೋಗಿ ಹಿಡಿತ ತಪ್ಪಿ, ಹಲಗೆ ಇನ್ನೂ ಜೋರಾಗಿ ಓಡುತ್ತದೆ. "ಘುಟ್ನೆ ಮೋಡೋ, ಆಗೆ ಝುಕೋ" (ಮೊಣಕಾಲು ಬಗ್ಗಿಸಿ, ಮುಂದಕ್ಕೆ ಬಾಗಿ) ಎಂದು ತರಬೇತುದಾರರು ದಿನಕ್ಕೆ ನೂರು ಸಲ ಕೂಗುತ್ತಿದ್ದರು, ಅದನ್ನು ಮಗ ಅದೇ ಧಾಟಿಯಲ್ಲಿ ತನ್ನ ಅಪ್ಪನಿಗೆ ಕೂಗುತ್ತಿದ್ದ. ಮೊಣಕಾಲ ಕೆಳಗಿನ ಎಲುಬು ಬೂಟಿನ ನಾಲಿಗೆಯನ್ನು ಒತ್ತುತ್ತಿದೆಯೇ ಎಂಬುದೊಂದನ್ನೇ ಗಮನಿಸತೊಡಗಿದ ಮೇಲೆ, ಮೂರನೆಯ ದಿನದ ಮಧ್ಯಾಹ್ನ, ನಾನೂ ಬೀಳದೆ ಕೆಳಗಿಳಿದೆ. ಒಂದು ದಿನದ ಪ್ರವಾಸಿಗೆ ಆ ಮೂರನೆಯ ಮಧ್ಯಾಹ್ನ ದಕ್ಕುವುದಾದರೂ ಹೇಗೆ?

ಅತ್ತೆ ಆರಂಭದಲ್ಲಿ ಕಿಟಕಿಯ ಬಳಿ ಬುಖಾರಿಯ ಮುಂದೆ ಕೂತಿದ್ದರು. ಕಟ್ಟಿಗೆ ಉರಿಯುವ ಆ ಒಲೆಯಿರುವ ಕೋಣೆಯಲ್ಲಿ ರಾತ್ರಿ ಕಿಟಕಿಯನ್ನು ಒಂದಿಷ್ಟು ತೆರೆದಿಡಬೇಕೆಂಬುದನ್ನು ಅವರಿಗೆ ಒಪ್ಪಿಸುವುದು ನನಗೆ ಕಷ್ಟವಾಯಿತು. ಎರಡನೆಯ ದಿನ ಸ್ಲೆಡ್ಜ್ ಎಳೆಯುವವರೊಬ್ಬರು ಕರೆದಾಗ, "ಮನುಷ್ಯರು ಎಳೆಯೋ ಗಾಡಿಯಲ್ಲಿ ನಾನು ಕೂರೋದಿಲ್ಲಮ್ಮ" ಎಂದು ಖಂಡಿತವಾಗಿ ನಿರಾಕರಿಸಿದರು. ಜನವರಿ ಪೂರ್ತಿ ಹಿಮವಿಲ್ಲದೆ ಒಂದು ರೂಪಾಯಿಯ ದುಡಿಮೆಯೂ ಆಗಲಿಲ್ಲವೆಂದು ಆತ ಹೇಳಿದ್ದನ್ನು ನಾನು ಕನ್ನಡದಲ್ಲಿ ತಿಳಿಸಿ ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಹೋಗಿ ಕೂತರು. ಊಟದ ಚಿಂತೆಯಿಂದ ಚಟ್ನಿಪುಡಿ, ಅವಲಕ್ಕಿ ಕಟ್ಟಿಕೊಂಡು ಹೋಗಿದ್ದೆವು. ಕಾಶ್ಮೀರಿಗಳು ನಮ್ಮಂತೆಯೇ ಅನ್ನ ಉಣ್ಣುವವರೆಂಬುದು ಅತ್ತೆಗೆ ಅಲ್ಲಿಗೆ ಹೋಗಿಯೇ ತಿಳಿದದ್ದು. ಹಾಕ್ ಎಂಬ ಸೊಪ್ಪು, ತಾವರೆಯ ದಂಟಿನ ನದ್ರು ಅವರಿಗೆ ಹಿಡಿಸಿದವು. ಉಪ್ಪು ಹಾಕಿದ ಗುಲಾಬಿ ಬಣ್ಣದ ನೂನ್ ಚಾಯ್ ಮಾತ್ರ ನಮಗೆ ಯಾರಿಗೂ ಒಗ್ಗಲಿಲ್ಲ.

ಗೊಂಡೋಲಾದ ಎರಡು ಹಂತಗಳಲ್ಲಿ ಮೊದಲನೆಯದು ಕೊಂಗ್‌ಡೂರಿಗೆ, ಎರಡನೆಯದು ಸುಮಾರು 3,950 ಮೀಟರ್ ಎತ್ತರದ ಅಫರ್‌ವತ್ ಪರ್ವತದ ಭುಜದವರೆಗೆ ಹೋಗುತ್ತದೆ. ಮೇಲೆ ಗಾಳಿ ಜೋರಾದರೆ ಎರಡನೆಯ ಹಂತವನ್ನು ನಿಲ್ಲಿಸುತ್ತಾರೆ. ನಾವಿದ್ದಾಗ ಎರಡು ದಿನ ಹಾಗಾಯಿತು. ನಾಲ್ಕನೆಯ ದಿನ ಪತಿ ಮತ್ತು ಮಗಳು ಮಾತ್ರ ಮೇಲಕ್ಕೆ ಹೋಗಿ, ತಲೆ ಸಣ್ಣಗೆ ನೋಯುತ್ತಿದೆಯೆಂದು ಅರ್ಧ ಗಂಟೆಯಲ್ಲೇ ಗೊಂಡೋಲಾದಲ್ಲೇ ಇಳಿದು ಬಂದರು. ಅಲ್ಲಿಂದ ಸ್ಕೀ ಮಾಡಿಕೊಂಡು ಇಳಿಯುವುದು ಕಲಿಕೆಯವರ ಪಾಲಿನದಲ್ಲ, ಗಸ್ತು ತಂಡದವರು ಹಾಕಿದ ಗಡಿಯಾಚೆ ನುರಿತವರಿಗೂ ಹಿಮಕುಸಿತದ ಅಪಾಯವಿದೆ. ನಾವು ಊರಿಗೆ ಮರಳಿದ ಕೆಲವೇ ದಿನಗಳಲ್ಲಿ, ಫೆಬ್ರವರಿ 22ರಂದು, ಖಿಲನ್‌ಮಾರ್ಗ್ ಬಳಿಯ ಹಿಮಕುಸಿತದಲ್ಲಿ ರಷ್ಯಾದ ಸ್ಕೀಗಾರರೊಬ್ಬರು ಮೃತಪಟ್ಟ ಸುದ್ದಿ ಓದಿ ಮಗಳು ಆ ಸಂಜೆ ಊಟವನ್ನೇ ಸರಿಯಾಗಿ ಮಾಡಲಿಲ್ಲ.

ಮರಳುವಾಗ ಶ್ರೀನಗರದಲ್ಲಿ ಒಂದು ದಿನವನ್ನು ಬೇಕೆಂದೇ ಖಾಲಿ ಇಟ್ಟುಕೊಂಡಿದ್ದೆವು, ಏಕೆಂದರೆ ಚಳಿಗಾಲದಲ್ಲಿ ಹಿಮವೋ ಮಂಜೋ ವಿಮಾನಗಳನ್ನು ತಡೆಯುವುದು ಅಲ್ಲಿ ಸಾಮಾನ್ಯ. ಅದೃಷ್ಟಕ್ಕೆ ನಮ್ಮ ವಿಮಾನ ಸಮಯಕ್ಕೆ ಹೊರಟಿತು. ಉಳಿದ ದಿನದಲ್ಲಿ ಅತ್ತೆ ಒಂದು ಕಾಂಗ್ರಿಯನ್ನು ಕೊಂಡರು. ಫೆರನ್ ಎಂಬ ನಿಲುವಂಗಿಯೊಳಗೆ ಕಾಶ್ಮೀರಿಗಳು ಕೆಂಡ ತುಂಬಿ ಇಟ್ಟುಕೊಳ್ಳುವ, ಬುಟ್ಟಿ ಹೆಣೆದ ಮಣ್ಣಿನ ಮಡಕೆ ಅದು. ವಿಮಾನ ನಿಲ್ದಾಣದಲ್ಲಿ ಸಾಲು ಸಾಲು ತಪಾಸಣೆಗಳಿರುವುದರಿಂದ ಮೂರು ಗಂಟೆ ಮುಂಚೆ ಹೋಗಿದ್ದೆವು, ಪ್ರತಿ ತಪಾಸಣೆಯಲ್ಲೂ ಸಿಬ್ಬಂದಿ ಅದನ್ನು ಹೊರತೆಗೆಸಿ ಒಳಗೆ ಬೂದಿಯಿದೆಯೇ ಎಂದು ಇಣುಕಿದರು. ಮೈಸೂರಿನ ಚಳಿಗೆ ಕಾಂಗ್ರಿ ಏತಕ್ಕೆಂದು ನಾನು ಕೇಳಿದ್ದೆ. ಶುಕ್ರವಾರ ಸಂಜೆ ಅತ್ತೆ ಅದರಲ್ಲಿ ಸಾಂಬ್ರಾಣಿ ಹಾಕಿ ಮನೆಯೆಲ್ಲ ಹಿಡಿದುಕೊಂಡು ಬರುತ್ತಾರೆ.